ನಮ್ಮ ಮಾಲ್ಟಾ ಭಾವ

ಮಾಲ್ಟಾ ದೇಶದ ಕಟ್ಟಾ ಪ್ರಜೆಯೊಬ್ಬರು ಧಾರವಾಡದಲ್ಲಿ ಹುಟ್ಟಿ, ಮಲೇಷ್ಯಾದ ಮೆಲಾಕಾದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅನಾಟಮಿ ಪಾಠ ಮಾಡಿಕೊಂಡಿದ್ದಾರೆ ಎಂದರೆ ನೀವು ನಂಬುವುದಿಲ್ಲ. ಮಾಲ್ಟಾ ಸರ್ಕಾರವಂತೂ ಖಂಡಿತ ನಂಬುವುದಿಲ್ಲ, ಏಕೆಂದರೆ ಇಂಥ ಪ್ರಜೆಯೊಬ್ಬರು ಇರುವ ಸುದ್ದಿಯೇ ಅವರಿಗೆ ಮುಟ್ಟಿಲ್ಲ! ಪಾಸ್‌ಪೋರ್ಟು ಇಂಡಿಯಾದ್ದು, ವೀಸಾ ಮಲೇಷ್ಯಾದ್ದು, ಊಟ ಜೋಳದ ರೊಟ್ಟಿಯದು, ಜೀವ ಮಾತ್ರ ಮಾಲ್ಟಾದ್ದು. ಇವರು ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದಲ್ಲ, "ಮಾಲ್ಟಾದಾಗ ಯಾರರ ಓದ್ತಾರೇನು ಇದನ್ನ?" ಎಂದು ಇನ್ನೂ ನಾಲ್ಕು ಅಂಗುಲ ಉಬ್ಬುತ್ತಾರೆ ಎಂಬ ಭಯಕ್ಕೆ.

ಮಾಲ್ಟಾ ಎಲ್ಲಿದೆ ಎಂದು ಕೇಳಿದಿರಾ? ಹನ್ನೆರಡು ವರ್ಷದ ಹಿಂದೆ ನಾನೂ ಕೇಳಿದ್ದೆ. ಕೇಳಬಾರದಿತ್ತು. ಭಾವ ನನ್ನನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ವಿವರಿಸಿದರು. ಇಟಲಿಯ ಕೆಳಗೆ ಸಮುದ್ರದ ಮಧ್ಯೆ ಒಂದು ಚುಕ್ಕೆ. ಹುಬ್ಬಳ್ಳಿಗಿಂತ ಕಡಿಮೆ ಜನ. ಅಷ್ಟು ಜನರಲ್ಲಿ ಅರ್ಧ ಪಾಲು ಹಾಡುತ್ತಾರೆ, ಉಳಿದರ್ಧ ಅವರಿಗೆ ಹಾಡು ಬರೆದುಕೊಡುತ್ತಾರೆ. ಇದು ಭಾವನ ಲೆಕ್ಕ, ನನ್ನದಲ್ಲ. ಯೂರೋಪಿನ ದೇಶಗಳೆಲ್ಲ ಸೇರಿ ವರ್ಷಕ್ಕೊಮ್ಮೆ ದೊಡ್ಡದೊಂದು ಹಾಡಿನ ಸ್ಪರ್ಧೆ ನಡೆಸುತ್ತವಲ್ಲ, ಅದಕ್ಕೆ ಯಾರನ್ನು ಕಳಿಸುವುದು ಎಂದು ಈ ಪುಟ್ಟ ದ್ವೀಪದವರು ಮೊದಲು ತಮ್ಮೊಳಗೇ ಒಂದು ಸ್ಪರ್ಧೆ ನಡೆಸುತ್ತಾರೆ. ಆ ಕೆಲವು ವಾರ ಅಲ್ಲಿ ಮನೆಮನೆಯಲ್ಲೂ ಜಗಳ. ಒಬ್ಬನೇ ಕವಿ ಮೂವರು ಗಾಯಕಿಯರಿಗೆ ಮೂರು ಹಾಡು ಬರೆದು ತನ್ನ ಮೇಲೆ ತಾನೇ ಸ್ಪರ್ಧಿಸುತ್ತಾನೆ. ಇಷ್ಟೆಲ್ಲ ಮಾಡಿ ಗೆದ್ದವರನ್ನು ಕಳಿಸಿದರೆ, ಯೂರೋಪಿನಲ್ಲಿ ಏನಾಗುತ್ತದೆ? ಸೋಲುತ್ತಾರೆ! ಎರಡು ಸಲ ಎರಡನೆಯ ಸ್ಥಾನ ಬಂದದ್ದುಂಟು. ಮೊದಲನೆಯದು ಇವತ್ತಿನವರೆಗೂ ಇಲ್ಲ.

ಈ ಅಂಟುಜಾಡ್ಯ ಭಾವನಿಗೆ ಹತ್ತಿಸಿದವರು ಅವರ ಕಾಲೇಜಿಗೆ ಎರಡು ವರ್ಷದ ಮಟ್ಟಿಗೆ ಪಾಠ ಹೇಳಲು ಬಂದಿದ್ದ ಮಾಲ್ಟಾದ ಒಬ್ಬ ಡಾಕ್ಟರಮ್ಮ. ಒಂದು ಭಾನುವಾರ ಅಕ್ಕ-ಭಾವನನ್ನು ತಿಂಡಿಗೆ ಕರೆದು, ಕರಿಪಫ್‌ನ ದೂರದ ಸಂಬಂಧಿಯಂತಿದ್ದ ಚೀಸ್ ತುಂಬಿದ ಪದಾರ್ಥ ಕೊಟ್ಟು, ಆ ವರ್ಷದ ಸ್ಪರ್ಧೆಯನ್ನು ಟಿವಿಯಲ್ಲಿ ತೋರಿಸಿದರು. ಮಾಲ್ಟಾ ಎಲ್ಲೋ ಕೆಳಗೆ ಹೋಯಿತು. ಆಕೆ ಕಣ್ಣೊರೆಸಿಕೊಂಡರು. ಕಣ್ಣೊರೆಸಿದ ಅದೇ ಟಿಶ್ಯೂವಿನಲ್ಲಿ ಮೂಗೊರೆಸಿಕೊಂಡು, ಮುಂದಿನ ವರ್ಷ ಯಾರನ್ನು ಕಳಿಸಬೇಕು ಎಂದು ಆಗಲೇ ಮಾತು ಶುರುಮಾಡಿದರಂತೆ. ಭಾವ ಅಲ್ಲೇ ಬಿದ್ದುಹೋದರು. "ಸೋತು ಐದು ಮಿನಿಟ್ ಆಗಿದ್ದಿಲ್ಲ ನೋಡವಾ! ಇಂಥ ಮಂದೀನ ನಾ ಎಲ್ಲೂ ನೋಡಿಲ್ಲ" ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಅಲ್ಲಿಂದ ಮುಂದೆ ಮೆಲಾಕಾದ ಆ ಮನೆಯಲ್ಲಿ ಮಾಲ್ಟಾದ ಹಾಡುಗಳು ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆಯವರೆಗೆ ಹರಿಯತೊಡಗಿದವು. ಯಾವ ಗಾಯಕಿ ಯಾವ ವರ್ಷ ಸೋತಳು, ಸೋತ ಮೇಲೆ ಗೆದ್ದವಳ ಹಿಂದೆ ನಿಂತು ಹೇಗೆ ಕೋರಸ್ ಹಾಡಿದಳು, ಮರುವರ್ಷ ಹೇಗೆ ಮತ್ತೆ ಬಂದಳು, ಎಲ್ಲ ಭಾವನ ಬಾಯಲ್ಲಿ. ಅವರ ಸ್ವಂತ ಅಣ್ಣನ ಮಕ್ಕಳು ಏನು ಓದುತ್ತಿದ್ದಾರೆ ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ! ಕಾಲೇಜಿನಲ್ಲಿ ಧ್ವನಿಪೆಟ್ಟಿಗೆಯ ಪಾಠ ಬಂದ ದಿನ ಒಬ್ಬ ಮಾಲ್ಟಾ ಗಾಯಕಿಯ ತಾರಸ್ವರವನ್ನು ಮೂರು ಸಲ ಕೇಳಿಸಿಯೇ ಮುಂದಿನ ಮಾತು. ಪರೀಕ್ಷೆಯಲ್ಲಿ ಒಬ್ಬಳು ಹುಡುಗಿ ಧ್ವನಿಪೆಟ್ಟಿಗೆಯ ಚಿತ್ರ ಬರೆದು, ಒಂದು ಭಾಗದ ಹೆಸರು ಮರೆತು, ಬಾಣದ ಗುರುತು ಹಾಕಿ 'ಮಾಲ್ಟಾ' ಎಂದು ಬರೆದಿದ್ದಳಂತೆ. ಭಾವ ಅರ್ಧ ಅಂಕ ಕೊಟ್ಟರಂತೆ!

ಮನೆಯ ಹತ್ತಿರದ ಮಾಮಾಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಟೀ ಕುಡಿಯುತ್ತ ಕೂತಾಗಲೂ ಇದೇ ಕಥೆ. ಗಾಳಿಯಲ್ಲಿ ರೊಟ್ಟಿ ಬೀಸಿ ಹಿಗ್ಗಿಸುವಾತ ಒಮ್ಮೆ, "ಮಾಲ್ಟಾ? ಫುಟ್‌ಬಾಲ್ ಟೀಮ್ ಆ, ಡಾಕ್ಟರ್?" ಎಂದು ಕೇಳಿದ. ಪಾಪ, ಮರ್ಯಾದೆಗೆ ಕೇಳಿದ್ದು. ಭಾವ ಅವನಿಗೂ ಮುಕ್ಕಾಲು ಗಂಟೆ ಕೊಟ್ಟರು. ಅಂದಿನಿಂದ ಅವರ ಮನೆಗೆ ಕಟ್ಟಿಸಿಕೊಂಡ 'ತಪಾವ್' ಪೊಟ್ಟಣಗಳ ಮೇಲೆಲ್ಲ ಪೆನ್ನಿನಲ್ಲಿ 'ಮಾಲ್ಟಾ' ಎಂದೇ ಬರೆದಿರುತ್ತದೆ.

ಯೂರೋಪಿನ ಸ್ಪರ್ಧೆ ನಡೆಯುವ ಹೊತ್ತಿಗೆ ನಮ್ಮಲ್ಲಿ ಕೋಳಿಯೂ ಕೂಗಿರುವುದಿಲ್ಲ. ಭಾವ ನಿದ್ದೆಗೆಡುವ ಆಸಾಮಿಯಲ್ಲ. ಹೀಗಾಗಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು, ದೋಸೆಯ ಜೊತೆ ಅದರ ವಿಡಿಯೋ ನೋಡುವುದು ಆ ಮನೆಯ ಸಂಪ್ರದಾಯ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಫೋನು ತೆರೆಯುವಂತಿಲ್ಲ, ಫಲಿತಾಂಶ ಗೊತ್ತಾಗಿಬಿಡುತ್ತದೆ. ನಾನು ಸುಬಾಂಗ್ ಜಯಾದಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಅಲ್ಲಿಗೆ ಹೋಗುವುದು ಅಕ್ಕನ ದೋಸೆಗಾಗಿ, ಮಾಲ್ಟಾಕ್ಕಾಗಿ ಅಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸುತ್ತೇನೆ. ಒಂದು ವರ್ಷ ಹೊರಡುವ ಮುಂಚೆ ಕೆಟ್ಟ ಕುತೂಹಲಕ್ಕೆ ಫಲಿತಾಂಶ ನೋಡಿಬಿಟ್ಟೆ. ಬಾಯಿ ಬಿಡಬಾರದು ಎಂದು ತುಟಿ ಹೊಲಿದುಕೊಂಡೇ ಹೋದೆ. ಪಾಪ ಎನಿಸಿ ದಾರಿಯಲ್ಲಿ ಒಂದು ಡಬ್ಬಿ ಮೈಸೂರು ಪಾಕ್ ಕೊಂಡೆ. ಭಾವ ಬಾಗಿಲು ತೆರೆದವರು ನನ್ನ ಮುಖ ನೋಡಲಿಲ್ಲ, ಡಬ್ಬಿ ನೋಡಿದರು.

"ನೀ ಯಾವಾಗಲೂ ಕೈ ಬೀಸ್ಕೋತ ಬರಾಕಿ. ಇವತ್ತ ಸ್ವೀಟ್ ತಂದೀದಿ ಅಂದ್ರ..." ಎಂದು ಅಲ್ಲೇ ಬಾಗಿಲಲ್ಲಿ ಕುಸಿದರು. "ಕಡೀಂದ ಎಷ್ಟನೇದು ಹೇಳು."

ಇಷ್ಟಕ್ಕೆ ನಿಲ್ಲಿಸಿದ್ದರೆ ಇದೊಂದು ನಗುವ ಕಥೆ ಆಗುತ್ತಿತ್ತು. ಆದರೆ ಭಾವ ತಮ್ಮ ಯೂರೋಪನ್ನು ನಮ್ಮ ಕನ್ನಡ ಸಂಘಕ್ಕೂ ತಂದರು.

ಅದಕ್ಕೆ ಮೊದಲು ಅಕ್ಕನ ವಿಷಯ ಹೇಳಬೇಕು. ಅಕ್ಕ ಹಾಡುತ್ತಿದ್ದಳು. ಹಾಡುತ್ತಿದ್ದಳು ಎಂದರೆ ಸುಮ್ಮನೆ ಅಲ್ಲ. ಮೈಸೂರಿನ ಮನೆಯಲ್ಲಿ ನನಗೆ ಜಡೆ ಹೆಣೆಯುವಾಗ ಅವಳು ಹಾಡುತ್ತಿದ್ದರೆ, ಅದು ನಿಲ್ಲಬಾರದು ಎಂದು ನಾನು ಬೇಕೆಂದೇ ತಲೆ ಅಲ್ಲಾಡಿಸಿ ಜಡೆ ಕೆಡಿಸುತ್ತಿದ್ದೆ. ಮೆಲಾಕಾಕ್ಕೆ ಬಂದ ಮೇಲೂ ಒಗ್ಗರಣೆ ಹಾಕುವಾಗ, ಬಟ್ಟೆ ಮಡಿಸುವಾಗ, ಮಗಳು ಸಿರಿಗೆ ಉಣ್ಣಿಸುವಾಗ ಅವಳ ಬಾಯಲ್ಲಿ ಹಾಡು ಇದ್ದೇ ಇರುತ್ತಿತ್ತು. ಭಾವ ಅವಳನ್ನು ಮದುವೆಯಾದದ್ದೇ, ಹೆಣ್ಣು ನೋಡಲು ಬಂದ ದಿನ ಅವಳು ಹಾಡಿದ ಒಂದು ಭಾವಗೀತೆ ಕೇಳಿ. ಉಪ್ಪಿಟ್ಟಿನಲ್ಲಿ ಉಪ್ಪಿರಲಿಲ್ಲ ಎಂಬುದು ಅವರಿಗೆ ಗೊತ್ತೇ ಆಗಲಿಲ್ಲ!

ಒಂಬತ್ತು ವರ್ಷದ ಹಿಂದೆ ಸಂಘದ ರಾಜ್ಯೋತ್ಸವದ ಹಾಡಿನ ಸ್ಪರ್ಧೆಗೆ ಭಾವನನ್ನು ಮುಖ್ಯ ತೀರ್ಪುಗಾರರನ್ನಾಗಿ ಮಾಡಿದರು. ಬೇರೆ ಯಾರಾದರೂ ಆಗಿದ್ದರೆ ಹಾರ ಹಾಕಿಸಿಕೊಂಡು, ನಾಲ್ಕು ಅಂಕ ಬರೆದು, ಕೇಸರಿಭಾತ್ ತಿಂದು ಎದ್ದು ಬರುತ್ತಿದ್ದರು. ಭಾವ ಹನ್ನೊಂದು ಪುಟದ ನಿಯಮಾವಳಿ ತಂದರು. ಬಾಂಗ್ಸಾರ್, ಸುಬಾಂಗ್ ಜಯಾ, ಪೆನಾಂಗ್, ಮೆಲಾಕಾ, ಈ ನಾಲ್ಕು ಊರಿನಿಂದ ಒಬ್ಬೊಬ್ಬ ಹಾಡುಗಾರರು. ಪ್ರತಿ ಊರಿನ ಕನ್ನಡಿಗರು ಉಳಿದ ಊರಿನವರಿಗೆ ಅಂಕ ಕೊಡಬೇಕು. ತಮ್ಮ ಊರಿಗೆ ತಾವು ಕೊಡುವಂತಿಲ್ಲ. ಕೊನೆಗೆ ಮುಖ್ಯ ತೀರ್ಪುಗಾರರು ಒಬ್ಬೊಬ್ಬ ಹಾಡುಗಾರರಿಗೂ ಹನ್ನೆರಡಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ನಮ್ಮ ಜನಕ್ಕೆ ಇದು ಅರ್ಥವಾಗಲೇ ಅರ್ಧ ದಿನ ಹಿಡಿಯಿತು. "ನಮ್ಮ ಊರಿಗೆ ನಾವು ಹಾಕದೆ ಇನ್ಯಾರು ಹಾಕ್ತಾರ್ರೀ?" ಎಂದು ಸುಬಾಂಗ್ ಜಯಾದ ಹಿರಿಯರೊಬ್ಬರು ಮೈಕು ಹಿಡಿದು ನಿಂತುಬಿಟ್ಟರು.

ಮೆಲಾಕಾದಿಂದ ಹಾಡಿದವಳು ಅಕ್ಕ. ಆ ಹೊತ್ತು ನಾನು ಸಭೆಯಲ್ಲಿದ್ದೆ. ಅವಳು ಹಾಡಿ ಮುಗಿಸಿದಾಗ ಹಿಂದಿನ ಸಾಲಿನಲ್ಲಿ ಬಜ್ಜಿ ತಿನ್ನುತ್ತಿದ್ದವರು ಕೂಡ ಕೈ ನಿಲ್ಲಿಸಿದ್ದರು. ಊರುಗಳ ಅಂಕ ಕೂಡಿದಾಗ ಅಕ್ಕ ಬಾಂಗ್ಸಾರಿನವರಿಗಿಂತ ಏಳು ಅಂಕ ಮುಂದಿದ್ದಳು. ಉಳಿದದ್ದು ಭಾವನ ಚೀಟಿ ಮಾತ್ರ. ಕಾರ್ಯದರ್ಶಿ ಅದನ್ನು ಮೈಕಿನಲ್ಲಿ ಓದಿದರು. ಪೆನಾಂಗ್ ಐದು, ಸುಬಾಂಗ್ ಜಯಾ ಆರು, ಬಾಂಗ್ಸಾರ್ ಎಂಟು. ಮೆಲಾಕಾದ ಮುಂದೆ ಏನೂ ಇರಲಿಲ್ಲ.

"ಡಾಕ್ಟ್ರೇ, ಇದೇನು ಮೆಲಾಕಾ ಖಾಲಿ ಬಿಟ್ಟಿದೀರಾ?"

ಭಾವ ಎದ್ದರು, ಚೀಟಿ ನೋಡಿದರು, ಅಕ್ಕನ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು. "ಯೂರೋಪಿನ್ಯಾಗ ತಮ್ಮ ಊರಿಗೆ ತಾವು ಕೊಡಂಗಿಲ್ಲರಿ. ನಿಯಮ ಅಂದ್ರ ನಿಯಮ."

ಚಪ್ಪಾಳೆಯೋ ಚಪ್ಪಾಳೆ! ಇಂಥ ಪ್ರಾಮಾಣಿಕರು ಈಗ ಎಲ್ಲಿದ್ದಾರೆ ಎಂದು ಅಧ್ಯಕ್ಷರು ಶಾಲು ಹೊದಿಸಿದರು. ಅಕ್ಕ ಒಂದು ಅಂಕದಿಂದ ಸೋತಳು. ಅವಳೂ ಚಪ್ಪಾಳೆ ತಟ್ಟಿದಳು. ವಾಪಸು ಹೋಗುವಾಗ ಕಾರಿನಲ್ಲಿ ಅವಳು ಭಾವನನ್ನು ಕೇಳಿದ್ದು ಒಂದೇ ಮಾತು. "ಅಂಕ ಹಾಳಾಗ್ಲಿ, ನಾನು ಹೇಗೆ ಹಾಡಿದೆ ಹೇಳಿ." ಭಾವ ರಸ್ತೆ ನೋಡುತ್ತ ಮತ್ತೆ ಅದನ್ನೇ ಹೇಳಿದರಂತೆ, "ನಿಯಮ ಅಂದ್ರ ನಿಯಮ."

ಅಕ್ಕ ಆಮೇಲೆ ಹಾಡಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ದೋಸೆ ಮೊದಲಿನಷ್ಟೇ ಗರಿಗರಿ. ಹಾಡು ಮಾತ್ರ ಇಲ್ಲ. ಸಿರಿಯ ಹುಟ್ಟುಹಬ್ಬಕ್ಕೆ, ಗೌರಿಹಬ್ಬದ ಆರತಿಗೆ, ಯಾವುದಕ್ಕೆ ಕೇಳಿದರೂ "ಗಂಟಲು ಸರಿ ಇಲ್ಲ ಕಣೇ" ಎನ್ನುತ್ತಾಳೆ. ಒಂಬತ್ತು ವರ್ಷ ಸರಿಹೋಗದ ಗಂಟಲು, ಮನೆಯಲ್ಲೇ ಡಾಕ್ಟರು! ಭಾವ ಆ ದಿನದಿಂದ ಮಾಲ್ಟಾದ ಸದ್ದನ್ನು ಇಮ್ಮಡಿ ಮಾಡಿದರು. ಟಿವಿಯ ಮುಂದೆ ಕೂತು, ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ, "ನೋಡ್ರಿ, ಹೋದ ವರ್ಷ ಸೋತಾಕಿ ಮತ್ತ ಬಂದಾಳ! ಎಷ್ಟು ಛಂದ ಬಂದಾಳ!" ಎನ್ನುತ್ತಿದ್ದರು. ಅಡುಗೆಮನೆಯಿಂದ ಮಿಕ್ಸರಿನ ಸದ್ದು ಬರುತ್ತಿತ್ತು. ನಾನು ಇಬ್ಬರ ನಡುವೆ ತಟ್ಟೆ ಹಿಡಿದು ಕೂತು ದೋಸೆ ನುಂಗುತ್ತಿದ್ದೆ. ನನಗೂ ಅಕ್ಕನ ದನಿ ಬೇಕಿತ್ತು. ಅದಕ್ಕಾಗಿ ಭಾವನ ಮೇಲೆ ಒಳಗೊಳಗೇ ಎಷ್ಟು ಸಿಟ್ಟಿತ್ತೆಂದರೆ, ಮಾಲ್ಟಾ ತೀರಾ ಕೆಳಗೆ ಹೋದ ವರ್ಷಗಳಲ್ಲಿ ಒಂದು ದೋಸೆ ಹೆಚ್ಚು ತಿನ್ನುತ್ತಿದ್ದೆ.

ಈ ವರ್ಷ ಸಂಘದವರು ಮತ್ತೆ ತೀರ್ಪುಗಾರರಾಗಿ ಎಂದು ಕರೆದರು. ಭಾವ ಒಲ್ಲೆ ಎಂದರು. ಒಲ್ಲೆ ಎಂದದ್ದಷ್ಟೇ ಅಲ್ಲ, ಹಾಡುಗಾರರ ಪಟ್ಟಿಯಲ್ಲಿ ತಮ್ಮ ಹೆಸರು ಬರೆಸಿಬಂದರು! ಭಾವ! ಜನಗಣಮನ ಹಾಡಿದರೂ ಪಕ್ಕದವರಿಗೆ ಬೇರೆ ಯಾವುದೋ ದೇಶದ್ದು ಅನ್ನಿಸುವಂಥ ಕಂಠ ಅವರದು. ಸಿರಿಗೆ ಈಗ ಹದಿನಾರು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಪ್ಪಾ, ಪ್ಲೀಸ್ ಲಾ. ಯು ವಿಲ್ ಕಮ್ ಲಾಸ್ಟ್. ಎವ್ರಿಬಡಿ ವಿಲ್ ಲಾಫ್."

"ನಗಲಿ ಬಿಡವಾ. ಸೋತ್ರ ಹೆಂಗನಸ್ತದ ನೋಡೂಣು."

ಹಾಡೂ ಅವರದೇ ರಚನೆ. ಮಾಲ್ಟಾದ ಕವಿಗಳ ಪದ್ಧತಿಯಂತೆ ಎರಡು ನುಡಿ, ಮೂರು ಸಲ ಪಲ್ಲವಿ, ಕೊನೆಯ ಪಲ್ಲವಿಗೆ ಶ್ರುತಿ ಒಂದು ಮೆಟ್ಟಿಲು ಮೇಲೆ. ಯೂರೋಪಿನಲ್ಲಿ ಗಾಯಕಿಯರ ಕೂದಲು ಹಾರಾಡಲಿ ಎಂದು ವೇದಿಕೆಯಲ್ಲಿ ಗಾಳಿ ಬೀಸುತ್ತಾರಂತೆ. ಭಾವನಿಗೆ ಹಾರಾಡಲು ಕೂದಲೇ ಇಲ್ಲ. ಆದ್ದರಿಂದ ಶಲ್ಯ ಹೊದ್ದರು. ಮನೆಯ ಟೇಬಲ್ ಫ್ಯಾನನ್ನು ಕಾರಿನಲ್ಲಿ ತಂದು, ಸಿರಿಯ ಕೈಗೆ ಕೊಟ್ಟು, ವೇದಿಕೆಯ ಪಕ್ಕದಲ್ಲಿ ನಿಲ್ಲಿಸಿದರು. ಆ ಮಗುವಿನ ಮುಖ ಕೆಂಪಡರಿತ್ತು.

"ಸಣ್ಣ ನಡುಗಡ್ಡೆ ನಾನು, ಸುತ್ತಲಿನ ನೀರು ನೀನು" ಎಂದು ಭಾವ ಶುರುಮಾಡಿದರು. ಮಾತು ಪರವಾಗಿಲ್ಲ. ರಾಗದ ಬಗ್ಗೆ ನಾನು ಏನೂ ಹೇಳಲಾರೆ, ಅದು ಅಲ್ಲಿರಲಿಲ್ಲ. ಮೊದಲ ಪಲ್ಲವಿಗೆ ಜನ ನಕ್ಕರು, ಎರಡನೆಯದಕ್ಕೆ ಮೊಬೈಲು ತೆಗೆದರು. ಮೂರನೆಯದಕ್ಕೆ ಭಾವ ಶ್ರುತಿಯ ಮೆಟ್ಟಿಲು ಹತ್ತಿದರು, ಶಲ್ಯ ಗಾಳಿಗೆ ಎದ್ದು ಅವರ ಮುಖಕ್ಕೇ ಸುತ್ತಿಕೊಂಡಿತು. ಒಳಗಿನಿಂದಲೇ ಹಾಡಿದರು! ಒಂದು ಸಾಲೂ ಬಿಡದೆ ಹಾಡಿ ಮುಗಿಸಿ, ಶಲ್ಯ ಬಿಡಿಸಿಕೊಂಡು, ಕೈಮುಗಿದು ನಿಂತರು. ಎಲ್ಲ ಊರುಗಳಿಂದಲೂ ಸೊನ್ನೆ. ಫಲಿತಾಂಶ ಓದುವಾಗ ಅವರು ಅಲ್ಲಾಡದೆ ನಿಂತು ಪ್ರತಿಯೊಂದು ಸೊನ್ನೆಯನ್ನೂ ಕೇಳಿಸಿಕೊಂಡರು.

ಬೆಳಿಗ್ಗೆ ಬಾಂಗ್ಸಾರಿನ ಸಭೆಗೆ ಬಂದು ಮುಟ್ಟುವಷ್ಟರಲ್ಲಿ ಕೆಟ್ಟ ಅವರ ಕಾರು ಗ್ಯಾರೇಜಿನಲ್ಲಿತ್ತು, ಹೀಗಾಗಿ ಮಧ್ಯಾಹ್ನದ ಊಟ ಮುಗಿಸಿ ಎಲ್ಲರನ್ನೂ ನಾನೇ ನನ್ನ ಕಾರಿನಲ್ಲಿ ಮೆಲಾಕಾಕ್ಕೆ ಕರೆದುಕೊಂಡು ಹೊರಟೆ. ಮುಂದಿನ ಸೀಟಿನಲ್ಲಿ ಭಾವ, ಹಿಂದೆ ಅಕ್ಕ ಮತ್ತು ಸಿರಿ, ಅವರಿಬ್ಬರ ನಡುವೆ ಫ್ಯಾನು. ಭಾವನ ಫೋನಿನಿಂದ ಮಾಲ್ಟಾದ ಹಾಡು ಬರುತ್ತಿತ್ತು. ಕಾರು ಹೆದ್ದಾರಿ ಹತ್ತಿತು. ಆಮೇಲೆ ಅಕ್ಕ ನಗಲು ಶುರುಮಾಡಿದಳು. ಶಲ್ಯ ನೆನೆಸಿಕೊಂಡು ನಕ್ಕಳು, ಫ್ಯಾನು ತಟ್ಟಿ ನಕ್ಕಳು, ಸಿರಿಯ ಹೆಗಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಮುಂದಕ್ಕೆ ಬಾಗಿ, ಭಾವನ ಹೆಗಲ ಮೇಲೆ ಕೈಯಿಟ್ಟಳು.

"ಚೆನ್ನಾಗಿ ಹಾಡಿದ್ರಿ ಕಣ್ರೀ. ನಿಜವಾಗ್ಲೂ."

ಸೆರೆಂಬಾನ್ ದಾಟಿತು. ಇನ್ನಷ್ಟು ದೂರ ಹೋದ ಮೇಲೆ ಭಾವ ಕೈ ಚಾಚಿ ಹಾಡು ನಿಲ್ಲಿಸಿದರು. ಮಾಲ್ಟಾದ ಹಾಡನ್ನು ಅವರು ನಡುವೆ ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಆವತ್ತ ನಾ ಸುಳ್ಳ ಹೇಳಿದೆ" ಎಂದರು. ಹಿಂದೆ ತಿರುಗಲಿಲ್ಲ, ಗಾಜಿನ ಕಡೆಗೇ ಮುಖ. "ನಿಯಮ ಗಿಯಮ ಏನೂ ನೆನಪಿದ್ದಿಲ್ಲ ನನಗ. ಹನ್ನೊಂದು ಪುಟಾನೂ ಮರತ್ಹೋಗಿತ್ತು. ನೀ ಹಾಡಲಿಕ್ಕತ್ತಿ, ನಾ ಕೇಳಕೋತ ಕೂತೆ. ಪೆನ್ನು ಕೈಯಾಗ ಇತ್ತು, ಬರೀಬೇಕು ಅನ್ನೋದ ಮರತೆ. ಚೀಟಿ ಇಸಕೊಂಡು ಹೋದಾಗೂ ಗೊತ್ತಾಗಲಿಲ್ಲ. ಅವ್ರು ಖಾಲಿ ಅದ ಅಂದ ಮ್ಯಾಲೆ ಗೊತ್ತಾತು. ಅಷ್ಟು ಮಂದಿ ಮುಂದ, ಹೆಂಡ್ತಿ ಹಾಡು ಕೇಳಿ ಮೈಮರತೆ ಅಂತ ಹೇಳಲಿಕ್ಕೆ ನಾಚಿಕಿ ಬಂತು. ಮನೀಗೆ ಹೋಗಿ ಹೇಳೂಣು ಅಂದೆ. ಅಷ್ಟರಾಗ ಶಾಲು ಹೊಚ್ಚಿಬಿಟ್ರು."

ಸಿರಿ ಫ್ಯಾನಿನ ಆಚೆಯಿಂದ "ಅಯ್ಯೋ ಅಪ್ಪಾ" ಎಂದಳು. ಕನ್ನಡದಲ್ಲಿ!

ನಾನು ಕನ್ನಡಿಯಲ್ಲಿ ಅಕ್ಕನ ಮುಖ ನೋಡುವ ಧೈರ್ಯ ಮಾಡಲಿಲ್ಲ. ಇಷ್ಟು ವರ್ಷ ಈ ಮನುಷ್ಯನನ್ನು ನಾನು ಬೈದುಕೊಂಡದ್ದೆಲ್ಲ ನೆನಪಾಗಿ ಕಣ್ಣು ಮಂಜಾಯಿತು, ವೈಪರ್ ಹಾಕಿದೆ. ಹೊರಗೆ ಬಿಸಿಲಿತ್ತು.

"ಒಂಬತ್ತು ವರ್ಷ ಬೇಕಾಯ್ತಾ ನಿಮಗೆ, ಇಷ್ಟು ಹೇಳೋಕೆ?" ಎಂದಳು ಅಕ್ಕ ಕೊನೆಗೆ. ದನಿ ಒಡೆದಿತ್ತು.

"ಮೊದಲನೇ ವರ್ಷ ಹೇಳಲಿಲ್ಲ. ಆಮ್ಯಾಲೆ ಹೇಳೂದು ಇನ್ನೂ ಕಷ್ಟ ಆತು" ಎಂದರು ಭಾವ. "ನೀ ಹಾಡೂದ ಬಿಟ್ಟದ್ದು ನನ್ನಿಂದ ಅಂತ ದಿನಾ ಗೊತ್ತಿತ್ತು."

ಆಮೇಲೆ ಹಿಂದಿನ ಸೀಟಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಅಕ್ಕ ಹಾಡಿದಳು. ಆವತ್ತು ಹಾಡಿದ್ದ ಅದೇ ಹಾಡು. ಮೊದಲ ಸಾಲು ಸ್ವಲ್ಪ ನಡುಗಿತು, ತುಕ್ಕು ಹಿಡಿದ ಚಿಲಕ ತೆಗೆದ ಹಾಗೆ. ಎರಡನೆಯ ಸಾಲಿಗೆ ದನಿ ಸಿಕ್ಕಿತು. ಭಾವ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು, ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲೂ ಇಲ್ಲ. ಸಿರಿ ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮ ಕೊನೆಯ ಸಲ ಹಾಡಿದಾಗ ಅವಳಿಗೆ ಏಳು ವರ್ಷ.

ಮೆಲಾಕಾಕ್ಕೆ ತಿರುಗುವ ಆಯರ್ ಕೆರೋದ ಬೋರ್ಡು ಕಂಡಿತು, ಹತ್ತಿರ ಬಂತು, ಹಿಂದಕ್ಕೆ ಹೋಯಿತು. ನಾನು ತಿರುಗಿಸಲಿಲ್ಲ. ಕಾರು ಮೆಲಾಕಾ ಬಿಟ್ಟು ಜೊಹೊರ್ ಕಡೆಗೆ ಹೋಗುತ್ತಿದೆ ಎಂದು ಯಾರೂ ನನಗೆ ಹೇಳಲಿಲ್ಲ.